ಪಟ್ಟು-ಪೆಟ್ಟು: ಗೆಳೆಯರೊಡನೆ ಸ್ಪಾರಿಂಗ್, ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ: ಕ್ಲಾಸ್ ಮುಗಿದ ಮೇಲೆ, ಕೋಚ್ ಇಲ್ಲದ ಹೊತ್ತಿನಲ್ಲಿ, ಗೆಳೆಯರೇ ಸೇರಿಕೊಂಡು ಮಾಡುವ ಸ್ಪಾರಿಂಗ್, ಅಂದರೆ ಎದುರುಬದುರು ನಿಂತು ಹೊಡೆದು-ತಡೆದು ಮಾಡುವ ಅಭ್ಯಾಸ. ಬೇಡ ಅಂದುಬಿಡುವುದು ಸುಲಭ. ಆದರೆ ಕಲಿತ ವರಸೆ ಮೈಗೆ ಹತ್ತಬೇಕಾದರೆ ಎದುರಿಗೆ ನಿಂತವನೂ ಅಲುಗಾಡಬೇಕು, ಅವನೂ ಕೈ ಎತ್ತಬೇಕು. ಹಾಗಾಗಿ ಹೇಗೆ ಮಾಡಬೇಕು ಅನ್ನುವುದನ್ನೇ ಹೇಳುತ್ತೇವೆ. ಒಂದು ಮಾತು ಮೊದಲೇ: 18 ತುಂಬದವರು ತಲೆಗೆ ಪೆಟ್ಟು ಬೀಳುವ ಯಾವ ಅಭ್ಯಾಸವನ್ನೂ ಕೋಚ್ ಎದುರಿಗಿಲ್ಲದೆ ಮಾಡಬೇಡಿ.

ನಾವು ನಾಲ್ಕು ಜನ. ಇಬ್ಬರು ಕರಾಟೆ, ಒಬ್ಬ ಬಾಕ್ಸಿಂಗ್, ಇನ್ನೊಬ್ಬ ಗರಡಿಯಲ್ಲಿ ಕುಸ್ತಿ ಕಲಿತವನು. ಭಾನುವಾರ ಬೆಳಗ್ಗೆ ಸೇರುತ್ತೇವೆ. 'ಲೈಟಾಗಿ ಆಡೋಣ' ಅಂತಲೇ ಶುರು, ಮೂರನೇ ರೌಂಡಿಗೆ ಜಗಳದ ಹಾಗಾಗುತ್ತದೆ. ಬೇಕಂತ ಜೋರಾಗಿ ಹೊಡೆಯಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಏನು ಮಾಡುವುದು?
— ಓದುಗರು, ದಾವಣಗೆರೆ

ನಿಮ್ಮ ಗೆಳೆಯರು ನಿಜವನ್ನೇ ಹೇಳುತ್ತಿದ್ದಾರೆ. ಕೊಟ್ಟ ಪೆಟ್ಟು ಹಗುರ ಅನ್ನಿಸುತ್ತದೆ, ತಿಂದ ಪೆಟ್ಟು ಭಾರ ಅನ್ನಿಸುತ್ತದೆ. ಮನುಷ್ಯರ ಮಿದುಳು ಇರುವುದೇ ಹಾಗೆ. ಲಂಡನ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಬ್ಬಿಬ್ಬರನ್ನು ಕೂರಿಸಿ, ಒಬ್ಬರ ಬೆರಳನ್ನು ಇನ್ನೊಬ್ಬರು ಸರದಿಯಂತೆ ಒತ್ತಲು ಹೇಳಿದರು. ಷರತ್ತು ಒಂದೇ: ನಿಮಗೆ ಎಷ್ಟು ಬಲ ಬಿತ್ತೋ ಅಷ್ಟನ್ನೇ ವಾಪಸ್ ಕೊಡಿ. ಇಬ್ಬರೂ ಪ್ರಾಮಾಣಿಕವಾಗಿ ಅಷ್ಟನ್ನೇ ಕೊಟ್ಟೆವು ಅಂದುಕೊಂಡರು, ಬಲ ಮಾತ್ರ ಸರದಿಯಿಂದ ಸರದಿಗೆ ಏರುತ್ತಲೇ ಹೋಯಿತು. ತನ್ನದೇ ಚಲನೆಯಿಂದ ಹುಟ್ಟುವ ಬಲವನ್ನು ಮಿದುಳು ಮೊದಲೇ ಊಹಿಸಿ, ಅದರ ಅನುಭವವನ್ನು ತಗ್ಗಿಸಿಬಿಡುತ್ತದೆ. ಬೆರಳಿನ ಆಟದಲ್ಲೇ ಹೀಗಾದರೆ ಸುಸ್ತಾಗಿ ಮೂಗಿಗೆ ಪೆಟ್ಟು ತಿಂದವನ ಪಾಡು ಏನು!

ಆದ್ದರಿಂದ 'ಸಮಸಮ' ಅನ್ನುವ ಒಪ್ಪಂದ ಕೈಕೊಡುತ್ತದೆ. ನಿಯಮ ಹೀಗಿರಲಿ: ಬಿದ್ದದ್ದರ ಅರ್ಧ ವಾಪಸ್. ಜೋರು ಅನ್ನಿಸಿದ ಪೆಟ್ಟಿಗೆ ನೀವು ಉದ್ದೇಶಪೂರ್ವಕವಾಗಿ ಅರ್ಧ ಕೊಟ್ಟರೆ ಅದು ಸುಮಾರಾಗಿ ಸರಿಯಾದ ಅಳತೆಗೆ ಬಂದು ಕೂರುತ್ತದೆ.

'ಲೈಟ್' ಅನ್ನುವ ಪದಕ್ಕೂ ಅಳತೆ ಕಟ್ಟಬೇಕು. ಶುರುವಿಗೆ ಮುಂಚೆ ಒಬ್ಬರು ತಮ್ಮ ಗ್ಲೌಸನ್ನು ಕೆನ್ನೆಗೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಅದರ ಮೇಲೆ ನಾಲ್ಕೈದು ಪಂಚ್ ಹಾಕಲಿ. ತಿನ್ನುವವನು 'ಇಷ್ಟು ಸಾಕು' ಅಂದದ್ದೇ ಅವತ್ತಿನ ಮಿತಿ. ಹೊಡೆಯುವವನಿಗೆ ಅದರಲ್ಲಿ ಮಾತಿಲ್ಲ. ಗುರುತು ಸುಲಭ. ಗ್ಲೌಸ್ ತಾಗಿದಾಗ ಗದ್ದ ಇದ್ದಲ್ಲೇ ಇರಬೇಕು. ತಲೆ ಹಿಂದಕ್ಕೆ ಅಥವಾ ಪಕ್ಕಕ್ಕೆ ಜರ್ಕ್ ಆಯಿತೆಂದರೆ ಅದು ಜೋರು. ವೇಗ ಕಡಿಮೆ ಮಾಡಬೇಕಾಗಿಲ್ಲ, ಕೈ ಚುರುಕಾಗಿಯೇ ಹೋಗಲಿ. ಸೊಂಟ ಮತ್ತು ಭುಜದ ಭಾರವನ್ನು ಅದರ ಹಿಂದೆ ಕಳಿಸಬೇಡಿ, ತಾಗಿದೊಡನೆ ಕೈ ವಾಪಸ್ ಬರಲಿ.

ರೌಂಡುಗಳನ್ನು ಹೀಗೆ ಜೋಡಿಸಿ ನೋಡಿ. 2 ನಿಮಿಷದ ರೌಂಡು, ನಡುವೆ 1 ನಿಮಿಷ ಬಿಡುವು, ಒಟ್ಟು ಐದು. ಮೊದಲನೆಯದರಲ್ಲಿ ಮುಂಗೈಯ (ನಿಂತಾಗ ಮುಂದಿರುವ ಕೈಯ) ನೇರ ಪಂಚ್, ಅಂದರೆ ಜ್ಯಾಬ್ ಮಾತ್ರ. ಒಂದು ನಿಮಿಷ ಒಬ್ಬ ಕೊಡಲಿ, ಇನ್ನೊಬ್ಬ ತಡೆಯಲಿ, ಆಮೇಲೆ ಅದಲುಬದಲು. ಎರಡನೆಯದು ಭುಜದಿಂದ ಬೆಲ್ಟಿನ ತನಕ, ಮೈಗೆ ಮಾತ್ರ. ಮೂರನೆಯದು ಜ್ಯಾಬ್ ಜೊತೆಗೆ ಮೈ ಮತ್ತು ತೊಡೆಗೆ ಒದೆ. ನಾಲ್ಕನೆಯದು ಬಿಡಿ ಆಟ, ಅಂದರೆ ಒಪ್ಪಿಕೊಂಡ ವರಸೆಗಳೆಲ್ಲ ಸರಿ, ತಲೆಗೆ ಸ್ಪರ್ಶ ಮಾತ್ರ. ಐದನೆಯದು ಅರ್ಧ ವೇಗದಲ್ಲಿ. ಸುಸ್ತಾದಾಗ ಮೊದಲು ಹದ ತಪ್ಪುವುದು ಕೈಯ ಬಲ. ಅದಕ್ಕೇ ಬಿಡಿ ಆಟವನ್ನು ಕೊನೆಗಿಡಬಾರದು. ನಿಮ್ಮ ಜಗಳ ಮೂರನೇ ರೌಂಡಿಗೇ ಏಕೆ ಬರುತ್ತದೆ ಅನ್ನುವುದಕ್ಕೂ ಇದೇ ಕಾರಣ ಇರಬಹುದು.

ನಾಲ್ಕು ಜನ ಇದ್ದೀರಿ, ಇಬ್ಬರು ಆಡುವಾಗ ಮೂರನೆಯವನಿಗೆ ಫೋನ್ ಟೈಮರ್ ಮತ್ತು 'ತಗ್ಗಿಸು' ಅನ್ನುವ ಅಧಿಕಾರ ಕೊಡಿ. ಎರಡು ಸಲ ತಗ್ಗಿಸು ಅಂದ ಮೇಲೂ ತಗ್ಗದಿದ್ದರೆ ರೌಂಡ್ ಮುಗಿಯಿತು. ಆಡುವವರೇ ನಿಲ್ಲಿಸಿಕೊಳ್ಳುತ್ತಾರೆ ಅಂತ ನಂಬಬೇಡಿ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯ ತಲೆಯಿಂದ ರಕ್ತ ಕಂಡೊಡನೆ ಪಕ್ಕದಲ್ಲಿ ನಿಂತ ಹಿರಿಯರೇ ನಡುವೆ ಬಂದು ಬಿಡಿಸುತ್ತಾರೆ; ಹೋರಾಡುತ್ತಿರುವವರಿಗೆ ಆ ಕೆಲಸ ಬಿಟ್ಟಿಲ್ಲ.

ಬೇರೆ ಬೇರೆ ವಿದ್ಯೆಯವರು ಸೇರಿದಾಗ ಇನ್ನೊಂದು ತೊಡಕಿದೆ. ಪಾಯಿಂಟ್ ಕರಾಟೆಯವನು ಒಂದು ಪೆಟ್ಟು ತಾಗಿದೊಡನೆ 'ಯಾಮೆ' (ಅಂಕ ಕೊಡಲು ರೆಫರಿ ಹೇಳುವ 'ನಿಲ್ಲಿ') ಕೇಳಿದವನಂತೆ ಸಡಿಲವಾಗುತ್ತಾನೆ, ಆಗಲೇ ಬಾಕ್ಸರಿನ ಎರಡನೇ ಕೈ ಬಂದು ಬೀಳುತ್ತದೆ. ಬಾಕ್ಸರ್ ತಲೆ ತಗ್ಗಿಸಿ ನುಸುಳುತ್ತಾನೆ, ಅಲ್ಲಿ ಮೊಣಕಾಲು ಕಾದಿರುತ್ತದೆ. ಕುಸ್ತಿಯವನು ಎರಡೂ ಕಾಲಿಗೆ ಕೈ ಹಾಕಿ ಎತ್ತಿಬಿಡುತ್ತಾನೆ, ಬೀಳುವುದು ಗೊತ್ತಿಲ್ಲದವನ ತಲೆ ನೆಲಕ್ಕೆ. ಯಾರದೂ ತಪ್ಪಲ್ಲ, ಎಲ್ಲರೂ ತಮ್ಮ ತಮ್ಮ ನಿಯಮದೊಳಗೇ ಆಡಿದ್ದಾರೆ. ಹಾಗಾಗಿ ಪ್ರತಿ ರೌಂಡಿಗೂ ಮುನ್ನ ಬಾಯಿಬಿಟ್ಟು ಹೇಳಿಕೊಳ್ಳಿ: ಹಿಡಿಯಬಹುದೇ, ಕೆಡವಬಹುದೇ, ತಲೆಗೆ ಒದೆಯಬಹುದೇ. ಮೊಣಕೈ, ಮುಖಕ್ಕೆ ಮೊಣಕಾಲು, ಎದುರಾಳಿಯ ಮೊಣಕಾಲ ಕೀಲಿಗೆ ಒದೆ, ಗಿರ್ರನೆ ತಿರುಗಿ ಮುಷ್ಟಿಯ ಹಿಂಬದಿಯಿಂದ ಹೊಡೆತ, ಬೆನ್ನು ಮತ್ತು ಕತ್ತಿನ ಹಿಂಭಾಗ: ಇವಿಷ್ಟು ಗೆಳೆಯರ ನಡುವೆ ಯಾವತ್ತೂ ಬೇಡ.

ನಾವೆಲ್ಲ ವಿದ್ಯಾರ್ಥಿಗಳು, ದುಡ್ಡು ಕಡಿಮೆ. ಮೊದಲು ಏನು ಕೊಳ್ಳಬೇಕು? ಹೆಡ್‌ಗಾರ್ಡ್ ಇದ್ದರೆ ಸ್ವಲ್ಪ ಜೋರಾಗಿ ಆಡಬಹುದಲ್ಲವೇ?
— ಓದುಗರು, ಧಾರವಾಡ

ಎರಡನೆಯದಕ್ಕೆ ಮೊದಲು ಉತ್ತರ: ಆಡಬಾರದು. ಹೆಡ್‌ಗಾರ್ಡ್ ಹುಬ್ಬು ಸೀಳುವುದನ್ನು, ಕಿವಿ ಜಜ್ಜುವುದನ್ನು, ತಲೆಗೆ ತಲೆ ಬಡಿದು ಊದುವುದನ್ನು ತಡೆಯುತ್ತದೆ. ತಲೆಬುರುಡೆಯೊಳಗೆ ಮಿದುಳು ಅಲುಗಾಡುವುದನ್ನು ತಡೆಯುವುದಿಲ್ಲ. ಪೆಟ್ಟಿಗೆ ತಲೆ ಗರಕ್ಕನೆ ತಿರುಗಿದಾಗ ಒಳಗಿನ ಮಿದುಳು ಹಿಂದೆ ಉಳಿದು ಎಳೆದಾಡಿದಂತಾಗುತ್ತದೆ, ಹೊರಗಿನ ಫೋಮ್ ಅದಕ್ಕೆ ಏನೂ ಮಾಡಲಾರದು. ಅಂತರರಾಷ್ಟ್ರೀಯ ಹವ್ಯಾಸಿ ಬಾಕ್ಸಿಂಗ್ 2013ರಲ್ಲಿ ಹಿರಿಯ ಪುರುಷರ ವಿಭಾಗದಿಂದ ಹೆಡ್‌ಗಾರ್ಡ್ ತೆಗೆಯಿತು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರು ಬರಿತಲೆಯಲ್ಲೇ ಆಡಿದರು. ಆ ನಿರ್ಧಾರದ ಬಗ್ಗೆ ವಾದವಿದೆ. ನಮ್ಮ ಮಟ್ಟಿಗೆ ಗೆಳೆಯರ ಸ್ಪಾರಿಂಗ್‌ಗೆ ಹೆಡ್‌ಗಾರ್ಡ್ ಒಳ್ಳೆಯದೇ, ಸೋಮವಾರ ಕಾಲೇಜಿಗೆ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಹೋಗುವುದು ತಪ್ಪುತ್ತದೆ. ಆದರೆ ಅದು ಇದೆ ಅಂತ ಬಲ ಏರಿಸಿದರೆ ಇಲ್ಲದಿರುವುದೇ ವಾಸಿ.

ಕೊಳ್ಳುವ ಕ್ರಮ: ಮೌತ್‌ಗಾರ್ಡ್, ಗಂಡಸರಿಗೆ ತೊಡೆಸಂದಿ ಕಾಯುವ ಗ್ರೋಯಿನ್ ಗಾರ್ಡ್, ಗ್ಲೌಸಿನೊಳಗೆ ಕೈಗೆ ಸುತ್ತುವ ಬಟ್ಟೆಪಟ್ಟಿಯಾದ ಹ್ಯಾಂಡ್‌ರ‍್ಯಾಪ್, ಸ್ಪಾರಿಂಗ್ ಗ್ಲೌಸ್, ಒದೆ ಇದ್ದರೆ ಮೊಣಕಾಲ ಕೆಳಗಿನ ಮೂಳೆ ಕಾಯುವ ಶಿನ್ ಗಾರ್ಡ್. ಆಮೇಲೆ ಹೆಡ್‌ಗಾರ್ಡ್.

ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಮೌತ್‌ಗಾರ್ಡ್ ಸಾಕು. ನೀರು ಕುದಿಸಿ ಒಲೆ ಆರಿಸಿ, ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು, ಸಾಮಾನ್ಯವಾಗಿ 20ರಿಂದ 30 ಸೆಕೆಂಡ್, ಅದ್ದಿ. ಹೆಚ್ಚು ಹೊತ್ತು ಬಿಟ್ಟರೆ ಅಂಚು ಮುರುಟಿಕೊಂಡು ಕೆಡುತ್ತದೆ. ತೆಗೆದು ಒಂದೆರಡು ಸೆಕೆಂಡ್ ನೀರು ಇಳಿಯಲು ಬಿಟ್ಟು, ಮೇಲಿನ ಹಲ್ಲುಸಾಲಿಗೆ ಕೂರಿಸಿ ಮೆಲ್ಲಗೆ ಕಚ್ಚಿ. ಗಾಳಿಯನ್ನು ಒಳಕ್ಕೆ ಹೀರುತ್ತಾ ತುಟಿಯ ಹೊರಗಿನಿಂದ ಬೆರಳಲ್ಲಿ ಒತ್ತಿ, ನಾಲಿಗೆಯಿಂದ ಒಳಬದಿ ಒತ್ತಿ. 20 ಸೆಕೆಂಡಾದ ಮೇಲೆ ತಣ್ಣೀರಿಗೆ ಹಾಕಿ. ಬಾಯಿ ತೆರೆದಾಗ ಕೈ ಹಚ್ಚದೆ ಅದು ಮೇಲೇ ನಿಲ್ಲಬೇಕು. ಬಿದ್ದರೆ ಮತ್ತೆ ಅದ್ದಿ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಇದನ್ನು ಮಾಡಬೇಡಿ, ತಂತಿಗೆ ಕಚ್ಚಿಕೊಳ್ಳುತ್ತದೆ. ದಂತವೈದ್ಯರನ್ನೇ ಕೇಳಿ.

ಗ್ಲೌಸ್ ಮೇಲಿನ ಔನ್ಸ್ ಒಂದು ಗ್ಲೌಸಿನ ತೂಕ. ಸ್ಪಾರಿಂಗ್‌ಗೆ 16 ಔನ್ಸ್, ಅಂದರೆ ಸುಮಾರು 450 ಗ್ರಾಂ. 60 ಕೆಜಿಗಿಂತ ಹಗುರ ಇದ್ದರೆ 14 ನಡೆಯುತ್ತದೆ. ನೇತುಹಾಕಿದ ಪಂಚಿಂಗ್ ಬ್ಯಾಗಿಗೆ ಹೊಡೆಯುವ ಗ್ಲೌಸನ್ನೇ ಸ್ಪಾರಿಂಗ್‌ಗೆ ತರಬೇಡಿ. ಬ್ಯಾಗಿಗೆ ಬಡಿದೂ ಬಡಿದೂ ಗೆಣ್ಣಿನ ಮೇಲಿನ ಫೋಮ್ ಕುಗ್ಗಿ ಗಟ್ಟಿಯಾಗಿರುತ್ತದೆ, ಹೊರಗೆ ಮಾತ್ರ ಹೊಸದರಂತೆ ಕಾಣುತ್ತದೆ. ಪರೀಕ್ಷೆ ಹೀಗೆ: ಗ್ಲೌಸ್ ತೊಟ್ಟು ಮುಷ್ಟಿ ಕಟ್ಟಿ, ಇನ್ನೊಬ್ಬರು ಹೆಬ್ಬೆರಳಿನಿಂದ ಗೆಣ್ಣಿನ ಭಾಗ ಒತ್ತಲಿ. ಒಳಗಿನ ಮೂಳೆ ಅವರಿಗೆ ಸಿಕ್ಕಿತೆಂದರೆ ಆ ಗ್ಲೌಸ್ ಬ್ಯಾಗಿಗಷ್ಟೇ. ಒಬ್ಬೊಬ್ಬರೂ ಒಂದೊಂದು ಜೋಡಿ ಕಳಪೆ ಗ್ಲೌಸ್ ಕೊಳ್ಳುವುದಕ್ಕಿಂತ ನಾಲ್ವರು ಸೇರಿ ಎರಡು ಜೋಡಿ ಒಳ್ಳೆಯದು ಕೊಳ್ಳಿ. ಹ್ಯಾಂಡ್‌ರ‍್ಯಾಪ್ ಮಾತ್ರ ಅವರವರದೇ ಇರಲಿ, 4.5 ಮೀಟರ್ ಉದ್ದದ್ದು. ಮೊದಲು ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿನ ಮೇಲೆ ಮೂರು ಸುತ್ತು, ಬೆರಳ ಸಂದಿಗಳಲ್ಲಿ ಹಾಯಿಸಿ, ಹೆಬ್ಬೆರಳಿಗೆ ಒಂದು, ಉಳಿದದ್ದೆಲ್ಲ ಮತ್ತೆ ಮಣಿಕಟ್ಟಿಗೆ. ಸುತ್ತುವಾಗ ಬೆರಳುಗಳನ್ನು ಅಗಲಿಸಿಟ್ಟಿರಬೇಕು. ಮುಚ್ಚಿಕೊಂಡು ಸುತ್ತಿದರೆ ಮುಷ್ಟಿ ಕಟ್ಟಿದಾಗ ಬಿಗಿದು ಕೈ ಜುಂ ಅನ್ನುತ್ತದೆ.

ಮನೆಯ ತಾರಸಿ ಮೇಲೆ ಮಾಡಬಹುದೇ?
— ಓದುಗರು, ಬೆಂಗಳೂರು

ಕಾಂಕ್ರೀಟಿನ ಮೇಲೆ ಬೇಡ. ಪಂಚಿಗಿಂತ ಅಪಾಯ ಆಮೇಲೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುವುದು. ಒಂದಕ್ಕೊಂದು ಕೂಡಿಸುವ 1 ಮೀಟರ್ ಚೌಕದ ಫೋಮ್ ಮ್ಯಾಟ್ 16 ಇದ್ದರೆ 4x4 ಮೀಟರ್ ಅಂಗಳವಾಯಿತು, ಇಬ್ಬರಿಗೆ ಸಾಕು. ನಿಂತು ಆಡುವುದಕ್ಕೆ 20ರಿಂದ 25 ಮಿಲಿಮೀಟರ್ ದಪ್ಪ, ಕೆಡವುವುದಿದ್ದರೆ 40. ಮ್ಯಾಟಿನ ಅಂಚಿನಿಂದ ಪ್ಯಾರಾಪೆಟ್, ನೀರಿನ ಟ್ಯಾಂಕ್, ಬಟ್ಟೆ ಒಣಹಾಕುವ ಕಂಬ ಎಲ್ಲವೂ 2 ಮೀಟರ್ ದೂರ ಇರಬೇಕು. ಅಷ್ಟು ಜಾಗ ಸಿಗದಿದ್ದರೆ ತಾರಸಿಯಲ್ಲಿ ಕೆಡವುವ ಆಟ ಬೇಡವೇ ಬೇಡ. ಹಾಸುವ ಮೊದಲು ಧೂಳು ಗುಡಿಸಿ, ಇಲ್ಲದಿದ್ದರೆ ಮ್ಯಾಟ್ ಜಾರಿ ಎರಡು ತುಂಡಿನ ನಡುವೆ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಪಾರ್ಕಿನ ಹುಲ್ಲು ಇದಕ್ಕಿಂತ ಎಷ್ಟೋ ಮೇಲು, ಕಲ್ಲು-ಗಾಜು ನೋಡಿಕೊಂಡರೆ ಆಯಿತು.

ಪಂಚ್ ಬಂದ ಕೂಡಲೇ ಕಣ್ಣು ಮುಚ್ಚಿ ಮುಖ ತಿರುಗಿಸಿಬಿಡುತ್ತೇನೆ. ಆರು ತಿಂಗಳಾದರೂ ಹೋಗಿಲ್ಲ. ಇದು ಹೆದರಿಕೆಯೇ?
— ಓದುಗರು, ಶಿವಮೊಗ್ಗ

ಕಣ್ಣು ಪಿಳುಕುವುದು ಸಹಜ ಪ್ರತಿಕ್ರಿಯೆ, ಅದು ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಕೆಡುಕಿರುವುದು ಮುಖ ತಿರುಗಿಸುವುದರಲ್ಲಿ ಮತ್ತು ಗದ್ದ ಮೇಲೆತ್ತುವುದರಲ್ಲಿ. ತಿರುಗಿದ ಮುಖಕ್ಕೆ ಎರಡನೇ ಪೆಟ್ಟು ಕಾಣುವುದಿಲ್ಲ, ಮೇಲೆದ್ದ ಗದ್ದಕ್ಕೆ ಸಣ್ಣ ಪೆಟ್ಟೂ ತಲೆಯನ್ನು ಗಿರಕಿ ಹೊಡೆಸುತ್ತದೆ. ಸ್ಪಾರಿಂಗ್ ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಸ್ಪಾರಿಂಗ್ ಮೂರು ವಾರ ನಿಲ್ಲಿಸಿ ಈ ಕ್ರಮ ಹಿಡಿಯಿರಿ.

ಮೊದಲ ವಾರ ಬರಿಗೈಯಲ್ಲಿ ಭುಜ ಮುಟ್ಟುವ ಆಟ: ಇಬ್ಬರೂ ಎದುರುಬದುರು ನಿಂತು, ಅಂಗೈಯಿಂದ ಇನ್ನೊಬ್ಬರ ಭುಜ ಮುಟ್ಟಬೇಕು, ತಮ್ಮದನ್ನು ಕಾಯಬೇಕು. 1 ನಿಮಿಷದಂತೆ ಐದು ಸಲ. ಮುಖಕ್ಕೆ ಏನೂ ಬರದಿದ್ದರಿಂದ ಕಣ್ಣು ತೆರೆದೇ ಇರುತ್ತದೆ, ಕೈ ಬರುವುದನ್ನು ನೋಡುವ ರೂಢಿಯಾಗುತ್ತದೆ. ನೋಟ ಎದುರಾಳಿಯ ಕೊರಳಮೂಳೆಯ ಹತ್ತಿರ ನೆಲೆಸಿರಲಿ. ಗ್ಲೌಸನ್ನೇ ದಿಟ್ಟಿಸಿದರೆ ಅದು ಹೊರಟ ಮೇಲಷ್ಟೇ ಕಾಣುತ್ತದೆ. ಭುಜದ ಅಲುಗಾಟ ಅದಕ್ಕಿಂತ ಮುಂಚೆ ಕಾಣುತ್ತದೆ.

ಎರಡನೇ ವಾರ ಗೋಡೆಗೆ ಬೆನ್ನು ತಾಗದಂತೆ ನಿಂತು, ಎರಡೂ ಗ್ಲೌಸ್ ಹಣೆಗೆ ಒತ್ತಿ ಹಿಡಿಯಿರಿ. ಗೆಳೆಯ ಆ ಗ್ಲೌಸಿನ ಮೇಲೆ ಮೃದುವಾಗಿ, ಒಂದೇ ಲಯದಲ್ಲಿ ಜ್ಯಾಬ್ ಹಾಕಲಿ. ಪ್ರತಿ ತಾಗುವಿಕೆಗೂ ಹಲ್ಲಿನ ಸಂದಿಯಿಂದ 'ಸ್ಸ್' ಅಂತ ಉಸಿರು ಬಿಡಿ. ಉಸಿರು ಹಿಡಿದಾಗ ಕತ್ತು ಬಿಗಿದು ಮುಖ ತಾನಾಗಿ ತಿರುಗುತ್ತದೆ, ಬಿಟ್ಟಾಗ ತಿರುಗುವುದು ಕಡಿಮೆ. ಲಯ ಅಭ್ಯಾಸವಾದ ಮೇಲೆ ಅವನು ಲಯ ಮುರಿಯಲಿ. ಗದ್ದಕ್ಕೆ ಒಂದು ಟೆನಿಸ್ ಚೆಂಡು: ಗದ್ದ ಮತ್ತು ಎದೆಯ ನಡುವೆ ಸಿಕ್ಕಿಸಿಕೊಂಡು ದಿನಾ 3 ನಿಮಿಷ ಶ್ಯಾಡೋ ಬಾಕ್ಸಿಂಗ್ ಮಾಡಿ, ಅಂದರೆ ಎದುರಾಳಿಯಿಲ್ಲದೆ ಗಾಳಿಗೆ ಪಂಚ್ ಹಾಕಿ. ಚೆಂಡು ಬಿದ್ದದ್ದು ಯಾವಾಗ ಅಂತ ಗಮನಿಸಿ. ಬಹುತೇಕರಿಗೆ ಹಿಂದಿರುವ ಕೈಯ ಪಂಚ್ ಹಾಕಿದಾಗಲೇ ಬೀಳುತ್ತದೆ.

ಮೂರನೇ ವಾರ ನೀವು ಎತ್ತಿ ಹಿಡಿದ ಎರಡೂ ಕೈಗಳ ನಡುವಿನಿಂದ ಗೆಳೆಯನ ಜ್ಯಾಬ್ ಹಣೆಗೆ ಬಂದು ಸುಮ್ಮನೆ ತಾಗಲಿ. ಹಣೆಗೆ, ಮೂಗಿಗಲ್ಲ. ಮೂಗಿಗೆ ಒಂದು ಬಿದ್ದರೆ ಎರಡು ವಾರದ ಕೆಲಸ ಹಾಳು, ಹಾಗಾಗಿ ಇದಕ್ಕೆ ಕೈ ಹದ ಇರುವ ಗೆಳೆಯನನ್ನೇ ಆರಿಸಿಕೊಳ್ಳಿ.

ಕಳೆದ ವಾರ ಗೆಳೆಯನಿಗೆ ಹುಕ್ (ಪಕ್ಕದಿಂದ ಬಾಗಿ ಬರುವ ಪಂಚ್) ಬಿದ್ದು ಒಂದು ಕ್ಷಣ ಮಂಕಾದ. ಮುಖಕ್ಕೆ ನೀರು ಹಾಕಿ, ಎರಡು ನಿಮಿಷ ಕೂರಿಸಿ ಮತ್ತೆ ಆಡಿದೆವು. ಮರುದಿನ ತಲೆನೋವು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದರು. ಇನ್ನು ಆಡಬಹುದೇ?
— ಓದುಗರು, ಮಂಗಳೂರು

ಸದ್ಯ ಆಡಬಾರದು. ಸಿ.ಟಿ. ಸ್ಕ್ಯಾನ್ ಹುಡುಕುವುದು ರಕ್ತಸ್ರಾವ ಮತ್ತು ಮೂಳೆ ಬಿರುಕನ್ನು. ಕನ್‌ಕಷನ್ ಅಂದರೆ ಪೆಟ್ಟಿನಿಂದ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದು; ಅದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಮಂಕಾದದ್ದು ಮತ್ತು ಮರುದಿನದ ತಲೆನೋವು ಕನ್‌ಕಷನ್ನಿನ ಲಕ್ಷಣಗಳೇ. ಮತ್ತೆ ಆಡಿಸಿದ್ದು ದೊಡ್ಡ ತಪ್ಪು, ಮುಂದೆಂದೂ ಮಾಡಬೇಡಿ: ಗೊಂದಲ, ತಲೆಸುತ್ತು, ವಾಂತಿ ಬರುವ ಹಾಗೆ, ಕಣ್ಣು ಮಂಜು, ಹೇಳಿದ್ದನ್ನೇ ಮತ್ತೆ ಹೇಳುವುದು, ಯಾವುದೇ ಒಂದು ಕಂಡರೂ ಅವತ್ತಿಗೆ ಆಟ ಮುಗಿಯಿತು. ಮಿದುಳು ಚೇತರಿಸಿಕೊಳ್ಳುವ ಮುಂಚೆ ಬೀಳುವ ಎರಡನೇ ಪೆಟ್ಟು, ಅದು ಸಣ್ಣದಾದರೂ, ಮೊದಲಿಗಿಂತ ಬಹಳ ಹಾನಿ ಮಾಡಬಲ್ಲದು.

ಪ್ರಜ್ಞೆ ತಪ್ಪಿದರೆ, ಪದೇ ಪದೇ ವಾಂತಿಯಾದರೆ, ತಲೆನೋವು ಏರುತ್ತಾ ಹೋದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಕಿವಿ-ಮೂಗಿನಿಂದ ತೆಳು ನೀರು ಸೋರಿದರೆ, ಎಬ್ಬಿಸಲಾಗದ ಮಂಪರು ಬಂದರೆ ತಡಮಾಡದೆ 108ಕ್ಕೆ ಕರೆಮಾಡಿ. ಇವಿಲ್ಲದಿದ್ದರೂ ಆ ರಾತ್ರಿ ಒಬ್ಬನನ್ನೇ ಬಿಡಬೇಡಿ, ಬೈಕ್ ಓಡಿಸಲು ಕೊಡಬೇಡಿ, ಮದ್ಯ ಬೇಡ. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವದ ಭಯವಿರುತ್ತದೆ, ಪ್ಯಾರಸಿಟಮಾಲ್ ಸಾಕು.

ಮರಳುವ ದಾರಿ: ಮೊದಲ ಎರಡು ದಿನ ವಿಶ್ರಾಂತಿ. ಕತ್ತಲ ಕೋಣೆಯಲ್ಲಿ ಮಲಗಬೇಕಿಲ್ಲ, ಮನೆಯೊಳಗೆ ಓಡಾಡಬಹುದು, ಫೋನ್ ಪರದೆ ಕಡಿಮೆ ಮಾಡಬೇಕು. ಆಮೇಲೆ ನಡಿಗೆ, ಅದು ಹಿಡಿಸಿದರೆ ಶ್ಯಾಡೋ ಬಾಕ್ಸಿಂಗ್, ಬಳಿಕ ಪಂಚಿಂಗ್ ಬ್ಯಾಗು ಮತ್ತು ಗೆಳೆಯ ಹಿಡಿದ ಪ್ಯಾಡಿಗೆ ಹೊಡೆಯುವುದು. ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ, ತಲೆನೋವು ಮರಳಿದರೆ ಒಂದು ಹಂತ ಹಿಂದಕ್ಕೆ. ಎಲ್ಲ ಲಕ್ಷಣ ಹೋಗಿ, ವೈದ್ಯರು ಒಪ್ಪಿದ ಮೇಲೆ ಮೈಗೆ ಮಾತ್ರ ಸ್ಪಾರಿಂಗ್. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ತಲೆಪೆಟ್ಟಿನಿಂದ ನಾಕೌಟ್ ಆದವರನ್ನು ಕನಿಷ್ಠ 30 ದಿನ ಹೊರಗಿಡುವ ಪದ್ಧತಿಯಿದೆ. ನಿಮ್ಮ ಗೆಳೆಯನ ತಲೆಯ ಹತ್ತಿರ ಅಷ್ಟು ದಿನ ಯಾರ ಗ್ಲೌಸೂ ಹೋಗದಿರಲಿ.

ನಾನು 52 ಕೆಜಿ, ಕಿಕ್‌ಬಾಕ್ಸಿಂಗ್ ಕಲಿಯುತ್ತಿದ್ದೇನೆ. ಜೊತೆಗೆ ಸಿಗುವುದು ಅಣ್ಣ ಮತ್ತು ಅವನ ಗೆಳೆಯರು, ಎಲ್ಲ 70 ಕೆಜಿ ಮೇಲೆ. ಒಂದೋ ನನ್ನನ್ನು ಮುಟ್ಟುವುದೇ ಇಲ್ಲ, ಇಲ್ಲವೇ ಮೂಲೆಗೆ ನೂಕಿಬಿಡುತ್ತಾರೆ.
— ಓದುಗರು, ತುಮಕೂರು

ಮುಟ್ಟದಿರುವುದೇ ಎರಡರಲ್ಲಿ ಹೆಚ್ಚು ಕೆಟ್ಟದ್ದು. ನಿಮ್ಮ ಮುಖಕ್ಕೆ ಒಂದು ಗೇಣು ದೂರದಲ್ಲಿ ಪಂಚ್ ನಿಲ್ಲಿಸುತ್ತಾ ಹೋದರೆ ಆ ದೂರ ಸುರಕ್ಷಿತ ಅಂತ ನಿಮ್ಮ ಮೈ ಕಲಿತುಬಿಡುತ್ತದೆ. ತಾಗುವ ದೂರಕ್ಕೇ ಬರಬೇಕು, ಭಾರ ಮಾತ್ರ ಇರಬಾರದು. ಇದನ್ನು ಅಣ್ಣನಿಗೆ ಓದಿ ಹೇಳಿ.

ತೂಕದ ಅಂತರವನ್ನು ನಿಯಮದಿಂದ ಸರಿದೂಗಿಸಿ. ಭಾರದವರಿಗೆ ಮುಂಗೈ ಒಂದೇ, ನೂಕುವಂತಿಲ್ಲ, ಎರಡು ಹೆಜ್ಜೆಗಿಂತ ಹೆಚ್ಚು ಸತತ ಮುನ್ನುಗ್ಗುವಂತಿಲ್ಲ. ನಿಮಗೆ ಎಲ್ಲ ಆಯುಧವೂ ಇರಲಿ. ಅವರಿಗೂ ಲಾಭವಿದೆ: ಒಂದೇ ಕೈಯಲ್ಲಿ ಆಡಿದಾಗ ಕಾಲು ಮತ್ತು ತಡೆ ಸುಧಾರಿಸುತ್ತದೆ. ಮೂಲೆಗೆ ಸಿಕ್ಕಾಗ ನೇರ ಹಿಂದಕ್ಕೆ ಹೋಗಬೇಡಿ, ಎರಡನೇ ಹೆಜ್ಜೆಗೇ ಪಕ್ಕಕ್ಕೆ ಸರಿಯಿರಿ. ಓಲೆ, ಮೂಗುತಿ, ಬಳೆ, ಹೇರ್‌ಪಿನ್ ತೆಗೆದಿಡಿ. ಕೈಗೆ ಕಡಗ, ಉಂಗುರ ಹಾಕುವ ಅಣ್ಣನಿಗೂ ಇದೇ ಮಾತು.

ಕುಸ್ತಿಯಿಂದ ಬಂದವನು ನಾನು. ಜಿಯು-ಜಿಟ್ಸು (ನೆಲದ ಮೇಲೆ ಕತ್ತು-ಕೀಲುಗಳಿಗೆ ಪಟ್ಟು ಹಾಕುವ ವಿದ್ಯೆ) ಕಲಿಯುವ ಗೆಳೆಯರನ್ನು ಸುಲಭವಾಗಿ ಕೆಡವುತ್ತೇನೆ, ಆದರೆ ಕೆಳಗೆ ಹೋದ ಮೇಲೆ ಕತ್ತು ಕೊಟ್ಟುಬಿಡುತ್ತೇನೆ.
— ಓದುಗರು, ಬೆಳಗಾವಿ

ಕುಸ್ತಿಯಲ್ಲಿ ಚಿತ್ ಆಗುವುದೇ ಸೋಲು, ಆದ್ದರಿಂದ ಬೆನ್ನು ನೆಲಕ್ಕೆ ತಾಗುವ ಮೊದಲೇ ಮೈ ಬೋರಲಾಗುತ್ತದೆ. ಮಟ್ಟಿಯಲ್ಲಿ ಅದು ಸರಿ. ಜಿಯು-ಜಿಟ್ಸುವಿನಲ್ಲಿ ಬೋರಲಾದರೆ ಬೆನ್ನು ಕೊಟ್ಟ ಹಾಗೆ, ಕತ್ತಿಗೆ ಕೈ ಬರುತ್ತದೆ. ಕೆಳಗೆ ಸಿಕ್ಕಾಗ ಪಕ್ಕೆಯ ಮೇಲೆ ಮಗ್ಗುಲಾಗಿ, ಎದುರಾಳಿಯ ಕಡೆ ಮುಖ ಮಾಡಿ, ಮೊಣಕಾಲನ್ನು ನಡುವೆ ತೂರಿಸಿ. ಕೆಡವುವಾಗ ನಿಮ್ಮ ತಲೆ ಅವನ ಹೊಟ್ಟೆಯ ಹೊರಗೆ, ಕಂಕುಳ ಕೆಳಗೆ ಇದ್ದರೆ ಅಲ್ಲೇ ಕತ್ತಿಗೆ ಕುಣಿಕೆ. ತಲೆ ಅವನ ಎದೆಗೆ ಒತ್ತಿರಲಿ.

ಟ್ಯಾಪ್ ಮಾಡುವ, ಅಂದರೆ 'ಸೋತೆ, ಬಿಡು' ಅಂತ ಮೈ ತಟ್ಟಿ ತಿಳಿಸುವ ರೂಢಿ ಕುಸ್ತಿಯವರಿಗೆ ಇರುವುದಿಲ್ಲ, ಅದನ್ನೇ ಮೊದಲು ಕಲಿಯಿರಿ. ಎದುರಾಳಿಯ ಮೈಮೇಲೆ ಎರಡು-ಮೂರು ಸಲ ಗಟ್ಟಿಯಾಗಿ ತಟ್ಟಬೇಕು. ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲಿ ಹೇಳಿ. ಕತ್ತಿನ ಎರಡೂ ಬದಿಯ ರಕ್ತನಾಳ ಸರಿಯಾಗಿ ಒತ್ತಿದರೆ ಸುಮಾರು 10 ಸೆಕೆಂಡಿನಲ್ಲೇ ಪ್ರಜ್ಞೆ ಹೋಗುತ್ತದೆ, ತಡೆದುಕೊಳ್ಳುವ ಪ್ರಶ್ನೆಯೇ ಇಲ್ಲ. ಪಟ್ಟು ಹಾಕುವವನೂ ಎದುರಾಳಿಯ ಮೈ ಸಡಿಲವಾದದ್ದು ಗೊತ್ತಾದರೆ ಟ್ಯಾಪ್‌ಗೆ ಕಾಯದೆ ಬಿಡಬೇಕು. ಹಿಮ್ಮಡಿ ತಿರುಚುವ ಪಟ್ಟುಗಳು ನಿಮ್ಮ ಗುಂಪಿನಲ್ಲಿ ಬೇಡ. ಅವುಗಳಲ್ಲಿ ನೋವು ಬರುವ ಹೊತ್ತಿಗೆ ಮೊಣಕಾಲಿನ ಲಿಗಮೆಂಟ್ ಹರಿದಿರಬಹುದು. ಎರಡೂ ಕಾಲಿಂದ ಹಾರಿ ಎದುರಾಳಿಯ ಕಾಲನ್ನು ಕತ್ತರಿಯಂತೆ ಹಿಡಿದು ಕೆಡವುವುದೂ ಬೇಡ, ಜೂಡೊದಲ್ಲೇ ಅದನ್ನು ನಿಷೇಧಿಸಿದ್ದಾರೆ.

ನಮ್ಮ ಗುಂಪಿನ ಮೂವರಿಗೆ ಕತ್ತು, ತೋಳಿನ ಮೇಲೆ ದುಂಡನೆ ಕೆಂಪು ಕಲೆ, ತುರಿಕೆ. ಮೆಡಿಕಲ್‌ನಲ್ಲಿ ಕೊಟ್ಟ ಕ್ರೀಮಿನಿಂದ ಕಡಿಮೆಯಾಗಿ ಮತ್ತೆ ಬಂತು.
— ಓದುಗರು, ಕಲಬುರಗಿ

ನೀವು ಹೇಳುವ ಲಕ್ಷಣ ಹುಳುಕಡ್ಡಿಯದು, ಅಂದರೆ ಚರ್ಮಕ್ಕೆ ತಗಲುವ ಶಿಲೀಂಧ್ರದ ಸೋಂಕು. ಮೈಗೆ ಮೈ ಉಜ್ಜುವ ಆಟದಲ್ಲಿ ಬೇಗ ಹರಡುತ್ತದೆ. ಸ್ಟೀರಾಯ್ಡ್ ಬೆರೆಸಿದ ಕ್ರೀಮು ತುರಿಕೆಯನ್ನು ಎರಡು ದಿನದಲ್ಲಿ ನಿಲ್ಲಿಸುತ್ತದೆ, ಶಿಲೀಂಧ್ರವನ್ನು ಒಳಗೇ ಬೆಳೆಸುತ್ತದೆ. ಮತ್ತೆ ಬಂದದ್ದು ಅದಕ್ಕೇ ಇರಬಹುದು. ಮೂವರೂ ಒಟ್ಟಿಗೆ ಚರ್ಮವೈದ್ಯರನ್ನು ಕಾಣಿ, ಒಬ್ಬರು ಬಿಟ್ಟರೂ ಸುತ್ತು ನಿಲ್ಲುವುದಿಲ್ಲ. ಕಲೆ ಹೋದರೂ ವೈದ್ಯರು ಹೇಳಿದಷ್ಟು ದಿನ ಔಷಧಿ ಮುಂದುವರಿಸಿ, ಅವರು ಸರಿ ಅನ್ನುವ ತನಕ ಹಿಡಿಯುವ ಆಟ ಬೇಡ. ಮ್ಯಾಟನ್ನು ಪ್ರತಿ ಸಲ ಆಟವಾದ ಮೇಲೆ ಸೋಪಿನ ನೀರಿನಲ್ಲಿ ಒರೆಸಿ, ಆಮೇಲೆ 1 ಲೀಟರ್ ನೀರಿಗೆ 10 ಮಿಲಿಲೀಟರ್ ಮನೆಬಳಕೆಯ ಬ್ಲೀಚ್ ಹಾಕಿ ಸವರಿ 10 ನಿಮಿಷ ಬಿಟ್ಟು ಒರೆಸಿ. ಬ್ಲೀಚನ್ನು ಫಿನೈಲ್, ಆಸಿಡ್ ಯಾವುದರ ಜೊತೆಗೂ ಬೆರೆಸಬೇಡಿ. ಟವೆಲ್ ಅವರವರದು, ಉಗುರು ಕತ್ತರಿಸಿರಬೇಕು, ಆಟ ಮುಗಿದ ಕೂಡಲೇ ಸ್ನಾನ. ಬೆವರಿನ ಬಟ್ಟೆಯನ್ನು ಬ್ಯಾಗಿನಲ್ಲಿ ರಾತ್ರಿಯಿಡೀ ಮುದುರಿಡದೆ ಅವತ್ತೇ ಒಗೆದು ಬಿಸಿಲಿಗೆ ಹಾಕಿ, ಹ್ಯಾಂಡ್‌ರ‍್ಯಾಪನ್ನೂ ಸೇರಿಸಿ.